ಭಾಗ ಚಲೋ ಇರಲಿಲ್ಲ

ನಮ್ಮವ್ವನಷ್ಟು ಖೂನಿ ನೋಡಿದ ಹೆಂಗಸು ಇಚಲಕರಂಜಿಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಸಂಜೆ ದೇವರಿಗೆ ದೀಪ ಹಚ್ಚಿ, ಹಣೆಗೆ ವಿಭೂತಿ ಬಳಿದುಕೊಂಡು, ಭಡಂಗದ, ಅಂದರೆ ಖಾರ ಚುರುಮುರಿಯ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಟಿವಿಯ ಮುಂದೆ ಕೂತಳೆಂದರೆ ಒಂದು ಖೂನಿ ಆಗಲೇಬೇಕು. ಅದು ಹಿಂದಿಯ ಹಳೆಯ ಅಪರಾಧ ಧಾರಾವಾಹಿ. ಎಷ್ಟು ಹಳೆಯದೆಂದರೆ, ಶುರುವಿನಲ್ಲಿ ಕಾಲೇಜು ಹುಡುಗನಾಗಿ ಬಂದ ನಟ ಈಗ ಅದರಲ್ಲೇ ಮುದುಕನಾಗಿ ಸಾಯುತ್ತಾನೆ. ಅವ್ವನಿಗೆ ಹಿಂದಿ ಅರ್ಧ ತಿಳಿಯುತ್ತದೆ. ಉಳಿದ ಅರ್ಧವನ್ನು ಮರಾಠಿಯ ಆಸರೆಯಲ್ಲಿ ಹೇಗೋ ದಾಟಿಸಿಕೊಳ್ಳುತ್ತಾಳೆ. ಆದರೆ ಕೊಂದವನು ಯಾರೆಂಬುದು ಮಾತ್ರ ಮೊದಲ ಜಾಹೀರಾತು ಬರುವ ಮುಂಚೆಯೇ ಅವಳಿಗೆ ಗೊತ್ತಾಗಿರುತ್ತದೆ.

“ಇಂವನ ನೋಡು. ಹೆಣಾ ಇನ್ನೂ ಮನಿಯೊಳಗ ಐತಿ, ಇಂವ ಚಹಾದಾಗ ಸಕ್ರಿ ಕಡಿಮಿ ಆತು ಅನ್ನಾಕತ್ತಾನ. ಇವನ ಬಾಯಾಗ ಮಣ್ಣ ಹಾಕಲಿ!”

ಒಮ್ಮೆಯೂ ತಪ್ಪಿದ್ದಿಲ್ಲ. ಮುಗಿದ ಮೇಲೆ ತೀರ್ಪು ಕೊಡುತ್ತಿದ್ದಳು. “ಇವತ್ತಿನ ಭಾಗ ಚಲೋ ಇತ್ತು” ಅಂದರೆ ಪೊಲೀಸರು ತಲೆ ಉಪಯೋಗಿಸಿದರು ಎಂದು ಅರ್ಥ. “ಏನೂ ಮಜಾ ಇಲ್ಲ” ಅಂದರೆ ಕೊಂದವನು ತಾನಾಗಿಯೇ ಒಪ್ಪಿಕೊಂಡ ಎಂದು ಅರ್ಥ. ಹೋದ ವಾರ ಸತ್ತ ನಟನೇ ಈ ವಾರ ಇನ್ಸ್‌ಪೆಕ್ಟರನಾಗಿ ಜೀಪಿನಿಂದ ಇಳಿದರೆ ಅವಳಿಗೆ ತಡೆದುಕೊಳ್ಳಲಾಗದಷ್ಟು ನಗು. “ಅಗ ಬಾಯಿ! ಇಂವಗ ಮೊನ್ನೆನ ತಲಿಮ್ಯಾಲೆ ಕಲ್ಲ ಹಾಕಿ ಕೊಂದಿದ್ರಲ್ಲ! ತನ್ನ ಖೂನಿ ತಾನ ಹುಡಕಾಕ ಬಂದಾನೇನು?”

ನಾನೂ ನಗುತ್ತಿದ್ದೆ. ಆದರೆ ದಿನಾ ಏಳಕ್ಕೆ ಆ ಚಾನೆಲ್ ಹಚ್ಚುತ್ತಿದ್ದವಳು ನಾನು, ಮತ್ತು ನಗುವುದಕ್ಕೆ ಹಚ್ಚುತ್ತಿರಲಿಲ್ಲ. ನನ್ನ ಅಕ್ಕ ಗಡಹಿಂಗ್ಲಜದ ಮಣ್ಣಿನಲ್ಲಿ ಕೂತಿದ್ದಾಳೆ. ಅವಳನ್ನು ಹೊರಗೆ ತೆಗೆಸಬೇಕು, ಪರೀಕ್ಷೆ ಮಾಡಿಸಬೇಕು, ಅವಳು ಹೇಗೆ ಸತ್ತಳೆಂದು ಯಾರಾದರೂ ಒಬ್ಬ ಸರಕಾರಿ ಮನುಷ್ಯ ಕಾಗದದ ಮೇಲೆ ಬರೆದು ಕೊಡಬೇಕು ಎಂಬುದು ನನ್ನ ಹಟ. ಅದಕ್ಕೆ ಅವ್ವ ಹೂಂ ಅನ್ನಬೇಕಿತ್ತು. ಅವ್ವ ಅನ್ನುತ್ತಿರಲಿಲ್ಲ.

ಅಕ್ಕನನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದೆವು. ಅವರದು ನಮ್ಮಂತೆಯೇ ಲಿಂಗಾಯತ ಮನೆ. ಗೊಬ್ಬರ, ಬೀಜ, ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿ. ಅಂಗಡಿ ಕೆಳಗೆ, ಮನೆ ಮೇಲೆ. ಅಕ್ಕನ ಗಂಡನಿಗೆ ಇಲ್ಲಿಯ ರೂಢಿಯಂತೆ ದಾಜಿ ಅನ್ನುತ್ತಿದ್ದೆವು. ಮಾತು ಕಡಿಮೆ, ಕೈ ಜಾಸ್ತಿ. ಅದು ನಮಗೆ ಮೊದಲು ಗೊತ್ತಿರಲಿಲ್ಲ. ಅಕ್ಕ ಹಬ್ಬಕ್ಕೆ ಬಂದಾಗ ಪೂರ್ತಿ ತೋಳಿನ ಜಂಪರ್ ಹಾಕಿಕೊಂಡು ಬಂದದ್ದನ್ನು ನೋಡಿ ನಾನು ಫ್ಯಾಷನ್ ಇರಬೇಕು ಅಂದುಕೊಂಡಿದ್ದೆ. ಸಾಯುವ ಕೆಲವು ದಿನ ಮುಂಚೆ ಫೋನ್ ಮಾಡಿದ್ದಳು. “ಈ ಸಲ ಬಂದ್ನೆಪಾ ಅಂದ್ರ ತಿರಗಿ ಹೋಗಂಗಿಲ್ಲ ನೋಡವಾ,” ಅಂದಳು. ಆಮೇಲೆ ನಕ್ಕಳು. ಆ ನಗು ಈಗಲೂ ನನಗೆ ಸಿಟ್ಟು ತರಿಸುತ್ತದೆ.

ಒಂದು ಬೆಳಿಗ್ಗೆ ದಾಜಿಯ ತಮ್ಮ ಫೋನ್ ಮಾಡಿ, ವೈನಿಗೆ, ಅಂದರೆ ನಮ್ಮ ಅಕ್ಕನಿಗೆ, ಎದೆನೋವು ಬಂದು ಹೋಗಿಬಿಟ್ಟಳು ಎಂದ. ಅಪ್ಪ ಆಗಲೇ ತೀರಿಕೊಂಡಿದ್ದ. ನಾನು, ಅವ್ವ, ಓಣಿಯ ನಾಲ್ಕು ಜನ ಜೀಪು ಮಾಡಿಕೊಂಡು ಹೋದೆವು. ನಾವು ಮುಟ್ಟುವುದರೊಳಗೆ ಎಲ್ಲ ಮುಗಿಸಿ ಇಟ್ಟಿದ್ದರು. ಅಕ್ಕನಿಗೆ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದೂ ಇಲ್ಲ. ಕೂರಿಸಿ ಪೂಜೆ ಮಾಡಿ, ಕೂರಿಸಿಯೇ ಒಯ್ದು, ಕುಣಿಯೊಳಗೆ ಕೂರಿಸಿ ಮಣ್ಣು ಕೊಡುತ್ತಾರೆ. ಹಣೆ ತುಂಬ, ಕೆನ್ನೆ ತುಂಬ ವಿಭೂತಿ. ಬಾಯಿಯ ಅಂಚಿಗೆ ಸ್ವಲ್ಪ ಹೆಚ್ಚೇ ಬಳಿದಿದ್ದರು. ಊದುಬತ್ತಿ ಎಷ್ಟು ಹಚ್ಚಿದ್ದರೆಂದರೆ ಒಳಗೆ ಉಸಿರು ಕಟ್ಟುತ್ತಿತ್ತು. ನಾನು ಅಕ್ಕನ ಕೈ ಹಿಡಿದೆ. ಉಗುರು ನೀಲಿಗಟ್ಟಿದ್ದವು.

ಅವ್ವ ಅಳಲಿಲ್ಲ. ಅಕ್ಕನ ಮುಂದೆ ಕೂತು, ಅವಳ ಮುಖಕ್ಕೆ ಮುಖ ಹಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಮಗಳ ಕಿವಿಯಲ್ಲಿ ಶಿವನಾಮ ಹೇಳುತ್ತಿದ್ದಾಳೆಂದು ನೆರೆದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಗಂಡಸರ ಕಡೆ ತಿರುಗಿ ಹೇಳಿದಳು.

“ಕುಣಿ ತಯಾರ್ ಆಗೇತೇನ್ರಿ? ಮತ್ತ ಯಾಕ ತಡಾ? ಅಯ್ಯಾವರನ್ನ ಕರೀರಿ.”

ನಮ್ಮ ಜಂಗಮ ಅಯ್ಯನವರು ಬಂದು ಅಕ್ಕನ ತಲೆಯ ಮೇಲೆ ಪಾದ ಇಟ್ಟರು. ಅಲ್ಲಿಗೆ ನಮ್ಮವರ ಲೆಕ್ಕದಲ್ಲಿ ಅವಳು ಶಿವನ ಪಾದ ಸೇರಿದಳು. ಮಧ್ಯಾಹ್ನದೊಳಗೆ ಮಣ್ಣೂ ಆಯಿತು. ಎಂಥಾ ಗಟ್ಟಿ ಜೀವ ಎಂದು ಬೀಗರು ಅವ್ವನನ್ನು ಹೊಗಳಿದರು. ನನಗೆ ಆಗ ಕೊಲ್ಹಾಪುರದ ಹುಡುಗನ ಜೊತೆ ನಿಶ್ಚಯವಾಗಿತ್ತು. ಗೋಕುಳ ಶಿರಗಾಂವದಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪು. ಶಿವಗಣಾರಾಧನೆ ಮುಗಿದ ಮೇಲೆ ಸರಳವಾಗಿ ಮದುವೆ ಮಾಡಿದರು. ಅದೂ ಬಾಳಲಿಲ್ಲ. ಆ ಮನುಷ್ಯನಿಗೆ ಮದುವೆಗೆ ಮುಂಚೆಯೇ ಇನ್ನೊಂದು ಸಂಸಾರ ಇತ್ತು. ನಾನು ನನ್ನ ಟ್ರಂಕು ಎತ್ತಿಕೊಂಡು ಅವ್ವನ ಮನೆಗೆ ಬಂದೆ. ಈಗ ಕೊರೋಚಿ ಹತ್ತಿರ ಒಂದು ಕಾರಖಾನೆಯಲ್ಲಿ ಬಟ್ಟೆ ತಪಾಸಣೆಯ ಕೆಲಸ. ಮಗ್ಗದಿಂದ ಇಳಿದ ಬಟ್ಟೆಯನ್ನು ದೀಪದ ಮೇಜಿನ ಮೇಲೆ ಎಳೆದುಕೊಂಡು ಎಲ್ಲಿ ಎಳೆ ಹರಿದಿದೆ, ಎಲ್ಲಿ ಗಂಟಾಗಿದೆ ನೋಡುವುದು. ದಿನವಿಡೀ ತಪ್ಪು ಹುಡುಕುವವಳಿಗೆ ಮನೆಗೆ ಬಂದ ಮೇಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅಕ್ಕನ ಉಗುರಿನ ಬಣ್ಣ ನನ್ನನ್ನು ಬಿಡಲಿಲ್ಲ. ವರುಷ ತುಂಬುವ ಮೊದಲೇ ದಾಜಿ ಇನ್ನೊಂದು ಮದುವೆಯಾದ ಸುದ್ದಿಯೂ ಬಂತು.

ಕೊಲ್ಹಾಪುರದ ಒಬ್ಬ ವಕೀಲರ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, “ಸುಟ್ಟಿದ್ದರೆ ಮುಗಿದಿತ್ತು ತಾಯಿ. ಹೂಳಿದ್ದೀರಿ ಅಂದ್ರೆ ಇನ್ನೂ ದಾರಿ ಇದೆ,” ಎಂದು ಮರಾಠಿಯಲ್ಲಿ ಹೇಳಿದರು. ಅರ್ಜಿ ಕೊಟ್ಟರೆ ಸರಕಾರದವರು ಕುಣಿ ತೆಗೆಸಬಹುದು. ವರ್ಷ ಕಳೆದಿದ್ದರಿಂದ ಏನೂ ಸಿಗದೆಯೂ ಇರಬಹುದು. ಆದರೆ ಹೆತ್ತ ತಾಯಿ ಅಲ್ಲಿಯೇ ಇದ್ದಳು, ಮಣ್ಣು ಕೊಡಲು ಅವಳೇ ಹೇಳಿದಳು, ನಾಳೆ ವಿಚಾರಣೆಯಲ್ಲಿ ಅವಳು ನನಗೆ ಸಂಶಯವಿಲ್ಲ ಅಂದರೆ ನಿಮ್ಮ ಅರ್ಜಿ ಒಲೆಗೆ ಹಾಕಲಿಕ್ಕೆ ಲಾಯಕ್ಕು, ಮೊದಲು ಅವಳನ್ನು ಒಪ್ಪಿಸಿ ಎಂದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಆರಿಸುವುದನ್ನು ಬಿಡಲಿಲ್ಲ.

“ಅಯ್ಯಾವರು ತಲಿಮ್ಯಾಲೆ ಪಾದಾ ಇಟ್ಟಾರ. ಕುಂತಾಕೀನ ಎಬ್ಬಸಬಾರ್ದವಾ.”

“ಕುಂತಾಳೋ, ಕುಂಡ್ರಿಸ್ಯಾರೋ?”

“ನಿನಗ ತಿಳಿಯಂಗಿಲ್ಲ. ಬಿಡು.”

ಮೇಲಿಂದ ಮೇಲೆ ಕೇಳಿದೆ, ಜಗಳ ಆಡಿದೆ, ಊಟ ಬಿಟ್ಟೆ. ಅವ್ವ ಊಟ ಬಿಟ್ಟವಳ ತಾಟನ್ನು ಮುಚ್ಚಿಟ್ಟು ತಾನೂ ಉಪವಾಸ ಮಲಗುತ್ತಿದ್ದಳು. ಹಟದಲ್ಲಿ ನಾನು ಅವಳ ಮಗಳೇ, ಆದರೆ ಅವಳು ನನ್ನ ತಾಯಿ. ಸೋತು ಸುಮ್ಮನಾದೆ.

ಆಗ ಈ ಧಾರಾವಾಹಿ ನನ್ನ ಕೈಗೆ ಸಿಕ್ಕಿತು. ಆ ಕಾಲದಲ್ಲಿ ಅದು ನಿಜಕ್ಕೂ ಚೆನ್ನಾಗಿತ್ತು. ಒಂದು ಭಾಗದಲ್ಲಿ ಬಾವಿಯಲ್ಲಿ ಸಿಕ್ಕ ಎಲುಬಿನಿಂದ ಕೊಲೆಗಾರನ ತನಕ ಹೋದರು. ಇನ್ನೊಂದರಲ್ಲಿ ಹೂತ ಹುಡುಗಿಯನ್ನು ಹೊರಗೆ ತೆಗೆದು, ಬಿಳಿ ಬಟ್ಟೆ ಹೊದಿಸಿ, ಡಾಕ್ಟರು ಎರಡು ಕೈ ಮುಗಿದು ಕೆಲಸ ಶುರು ಮಾಡಿದರು. ಅದನ್ನು ನೋಡುವಾಗ ಅವ್ವ ಭಡಂಗ ತಿನ್ನುವುದನ್ನು ನಿಲ್ಲಿಸಿದ್ದಳು. ನಾನು ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿದ್ದೆ. ನಾನು ಹೇಳಿದರೆ ಕೇಳದವಳು ಟಿವಿ ಹೇಳಿದರೆ ಕೇಳಿಯಾಳು, ಹನಿ ಹನಿ ಬಿದ್ದರೆ ಕಲ್ಲೂ ಸವೆಯುತ್ತದೆ ಎಂದು ದಿನಾ ಹಚ್ಚಿದೆ. ಅವ್ವ ಅದರ ಹುಚ್ಚಿಗೆ ಬಿದ್ದಳು. ಪೋಸ್ಟ್‌ಮಾರ್ಟಮ್ ಅಂದರೆ ಏನು, ವಿಷ ಎಷ್ಟು ದಿನ ಮೈಯಲ್ಲಿ ಉಳಿಯುತ್ತದೆ, ಎಲ್ಲ ಕಲಿತಳು. ಆದರೆ ಗಡಹಿಂಗ್ಲಜದ ಮಾತು ಮಾತ್ರ ಬಾಯಿಂದ ಬರಲಿಲ್ಲ.

ಒಂದು ವಿಚಿತ್ರ ಅವಳಲ್ಲಿ ಸೇರಿಕೊಂಡಿತ್ತು. ಮನೆಯಲ್ಲಿ ಜಿರಲೆಗೆ, ಸೊಳ್ಳೆಗೆ ಏನನ್ನೂ ಹೊಡೆಯಗೊಡುತ್ತಿರಲಿಲ್ಲ. ರಾತ್ರಿಯಿಡೀ ಸೊಳ್ಳೆ ಕಚ್ಚಿಸಿಕೊಂಡರೂ ಸರಿ. ಪಕ್ಕದ ಮನೆಯವರು ದಾಸವಾಳದ ಗಿಡಕ್ಕೆ ಔಷಧಿ ಹೊಡೆದ ದಿನ ಅವ್ವ ಮೂಗಿಗೆ ಸೆರಗು ಒತ್ತಿ, ಚಪ್ಪಲಿ ಸಹ ಮೆಟ್ಟದೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗಿ ಕೂತಿದ್ದಳು. ವಯಸ್ಸಾಯಿತು, ದಮ್ಮು ಶುರುವಾಗಿರಬೇಕು ಎಂದು ಡಾಕ್ಟರಿಗೆ ತೋರಿಸಿದೆ. ಎದೆಗೆ ಏನೂ ಆಗಿಲ್ಲ ಎಂದರು. ಮುದುಕಿಯರ ಸೋಗು ಎಂದು ಬೈದು ಸುಮ್ಮನಾದೆ.

ವರ್ಷ ಕಳೆದ ಹಾಗೆ ಧಾರಾವಾಹಿ ಕೆಟ್ಟಿತು. ಎಳೆದು ಎಳೆದು ತೆಳುವಾದ ಬಟ್ಟೆ. ಮೊದಲು ಮಾತು ಕಡಿಮೆ ಇತ್ತು, ತನಿಖೆ ಜಾಸ್ತಿ ಇತ್ತು. ಈಗ ಬಾಗಿಲು ತೆಗೆದರೆ ಢಂ, ಕಪ್ಪು ಕೆಳಗೆ ಬಿದ್ದರೆ ಢಂ, ಅತ್ತೆ ತಿರುಗಿ ನೋಡಿದರೆ ಮೂರು ಸಲ ಢಂ ಢಂ ಢಂ. ಪೊಲೀಸರು ಕೂದಲು ಬಾಚಿಕೊಂಡು ಬಂದು ನಿಂತಿರುತ್ತಾರೆ, ಯಾರೋ ಬಂದು ಎಲ್ಲ ಹೇಳಿ ಹೋಗುತ್ತಾರೆ. “ಇವರಿಗಿಂತ ನಮ್ಮ ಓಣಿ ನಾಯಿ ಚಲೋ ವಾಸನಿ ಹಿಡೀತಾವ,” ಎಂದು ಅವ್ವ ಗೊಣಗುತ್ತಿದ್ದಳು. ಆದರೂ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಹೋದ ಚಳಿಗಾಲದ ಮಾತು. ನಾಳೆಯ ಭಾಗದ ಜಾಹೀರಾತು ಬಂತು. ಕೊಲ್ಹಾಪುರ ಜಿಲ್ಲೆಯ ಒಂದು ಊರು, ಬೆಳೆಯ ಔಷಧಿ ಅಂಗಡಿಯವನ ಹೆಂಡತಿ, ಎದೆನೋವೆಂದು ಹೇಳಿದ ಸಾವು. ಮಾವನ ಪಾತ್ರದವನ ಕೊರಳಲ್ಲಿ ಲಿಂಗದ ಕರಡಿಗೆ ಕಂಡಿತು. ಅದು ಅಕ್ಕನ ಕಥೆಯಲ್ಲ, ಅಕ್ಕನ ಕಥೆ ಯಾರಿಗೂ ಗೊತ್ತಿಲ್ಲ. ಬೇರೆ ಯಾವುದೋ ಮನೆಯ ಹೆಣ್ಣುಮಗಳು. ನಮ್ಮ ಜನರಲ್ಲೇ ಇಂಥವಳು ಇನ್ನೊಬ್ಬಳು ಇದ್ದಳಲ್ಲ ಎಂದು ಮೊದಲು ಸಂಕಟವಾಯಿತು. ಆಮೇಲೆ ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ನಮ್ಮವರ ಕಥೆ ಅಂದ ಮೇಲೆ ಕೂರಿಸಿ ಮಣ್ಣು ಕೊಡುವುದನ್ನು ತೋರಿಸಲೇಬೇಕು. ಕುಣಿ ತೆಗೆಸುವುದನ್ನೂ ತೋರಿಸಲೇಬೇಕು. ಅಯ್ಯನವರು ಪಾದವಿಟ್ಟವಳನ್ನೂ ಎಬ್ಬಿಸಬಹುದು, ಆಕಾಶ ಕಳಚಿ ಬೀಳುವುದಿಲ್ಲ ಎಂದು ಅವ್ವ ಕಣ್ಣಾರೆ ನೋಡಲಿ. ಮರುದಿನ ಅರ್ಧ ರಜೆ ಹಾಕಿ ಮನೆಗೆ ಬಂದೆ.

ಭಾಗ ಶುರುವಾಯಿತು. ಶುರುವಾದಾಗಲೇ ನನ್ನ ಜೀವ ಅರ್ಧ ಹೋಯಿತು. ಕೊಲ್ಹಾಪುರವೆಂದು ತಿಳಿಯಲಿ ಅಂತ ಎಲ್ಲರ ಕಾಲಲ್ಲೂ ಕರ್‌ಕರ್ ಅನ್ನುವ ಹೊಸ ಚಪ್ಪಲಿ, ಪ್ರತಿ ಊಟದಲ್ಲೂ ಕೆಂಪು ರಸ್ಸಾ. ಲಿಂಗ ಕಟ್ಟಿದ ಮಾವನ ತಾಟಿನಲ್ಲೂ ಮಟನ್ ರಸ್ಸಾ! ಸೊಸೆ ಒಂಬತ್ತು ಗಜದ ಸೀರೆ ಉಟ್ಟು ಅಡುಗೆ ಮಾಡುತ್ತಾಳೆ, ನಮ್ಮಜ್ಜಿಯೂ ಹಾಗೆ ಉಟ್ಟಿರಲಿಲ್ಲ. ಮನೆಯ ಹಿಂದೆ ತೆಂಗಿನ ತೋಟ. ಎರಡು ಮಾತಿಗೊಮ್ಮೆ ಎಲ್ಲರೂ “ಕಾಯ್ ಭಾವಾ”, ಅಂದರೆ ಏನಣ್ಣಾ, ಅನ್ನುತ್ತಾರೆ, ಉಳಿದದ್ದೆಲ್ಲ ಪುಣೆಯ ಮರಾಠಿ.

“ಎಲ್ಲೀ ಮಂದಿ ಇವ್ರು?” ಎಂದಳು ಅವ್ವ.

“ಸುಮ್ಕ ನೋಡವ್ವಾ,” ಎಂದೆ.

ಸೊಸೆ ಸತ್ತಳು. ತಾಯಿ ಓಡಿ ಬಂದು ಮಗಳ ಮೈಮೇಲೆ ಬಿದ್ದು, ಕೆನ್ನೆಗೆ ಕೆನ್ನೆ ಹಚ್ಚಿ ಗೋಳಾಡಿದಳು. ಢಂ ಢಂ. ಆಮೇಲೆ ಸ್ಮಶಾನ ತೋರಿಸಿದರು. ಕಟ್ಟಿಗೆ ಒಟ್ಟಿದ್ದರು. ಕರಡಿಗೆ ಕಟ್ಟಿದ ಮಾವ ಕೊಳ್ಳಿಯನ್ನು ಮಗನ ಕೈಗೆ ಕೊಟ್ಟ. ಸುಟ್ಟೇಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಟಿವಿಗೆ ಬೈದೆ. “ಎಲಾ ಇವ್ರ! ಲಿಂಗಾ ಕಟ್ಟಿದವರನ್ನ ಸುಡ್ತಾರೇನ್ರೋ? ಯಾರನ್ನರ ಒಬ್ಬರನ್ನ ಕೇಳಬೇಕಿಲ್ಲೋ? ಹಾಳಾಗಿ ಹೋಗ್ರಿ!” ಇಷ್ಟು ವರ್ಷ ನಾನು ಕಾದದ್ದು ಒಂದೇ ಒಂದು ಕುಣಿಗಾಗಿ. ಅದನ್ನು ಬೂದಿ ಮಾಡಿ ಕೂತಿದ್ದರು.

“ಯಾಕ ಒದರತಿ?” ಎಂದಳು ಅವ್ವ ಮೆತ್ತಗೆ. “ಸುಟ್ಟಿದ್ದು ಚಲೋನ ಆತು. ಸುಟ್ರ ಯಾರೂ ಎಬ್ಬಸಾಕ ಬರಂಗಿಲ್ಲ.”

ಉಳಿದದ್ದು ಹೇಳುವಂಥದ್ದೇನಿಲ್ಲ. ಇನ್ಸ್‌ಪೆಕ್ಟರ್ ಒಂದು ಏಟು ಕೊಟ್ಟ, ಗಂಡ ಕಾಲಿಗೆ ಬಿದ್ದು ಒಪ್ಪಿಕೊಂಡ. ಕಪ್ಪು ಕೋಟಿನ ನಿರೂಪಕ ಬಂದು ಎಚ್ಚರವಾಗಿರಿ ಎಂದು ಬುದ್ಧಿ ಹೇಳಿದ. ಎಚ್ಚರ ನಿಮ್ಮ ಪಿಂಡ ಎಂದು ನಾನು ಮನಸ್ಸಿನಲ್ಲೇ ಅಂದೆ. ಅವ್ವ ಡಬ್ಬಿಯ ಮುಚ್ಚಳ ಹಾಕಿ, ಸೆರಗು ಝಾಡಿಸಿಕೊಂಡು, ದಿನದ ಹಾಗೆ ತೀರ್ಪು ಕೊಟ್ಟಳು.

“ಭಾಗ ಚಲೋ ಇರಲಿಲ್ಲ.”

“ಹೆಂಗ ಚಲೋ ಇರತೈತಿ? ಸುಟ್ಟಬಿಟ್ರಲ್ಲ.”

“ಅದಕ್ಕಲ್ಲ. ಆ ತಾಯಿ ಬಂದು ಮಗಳ ಮಾರಿಗೆ ಮಾರಿ ಹಚ್ಚಿ ಅತ್ತಳಲ್ಲ. ಹುಡುಗಿ ಹೊಟ್ಟ್ಯಾಗ ಅಷ್ಟ ಔಷಧ ಹೋಗೇತಿ. ಅಕಿಗೆ ವಾಸನಿ ಬರಲಿಲ್ಲೇನು?”

ನಾನು ಅವ್ವನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಟಿವಿಯಲ್ಲಿ ಸೋಪಿನ ಜಾಹೀರಾತು ನಡೆದಿತ್ತು, ಅದನ್ನೇ ನೋಡುತ್ತಿದ್ದಳು.

“ಎಷ್ಟ ಊದಿನಕಡ್ಡಿ ಹಚ್ಚಿದ್ರೂ ಬರತೈತಿ,” ಎಂದಳು. “ಎಷ್ಟ ಈಬತ್ತಿ ಬಡದ್ರೂ ಬರತೈತಿ. ಬಾಯಿಂದ ಬರತೈತಿ, ಕೂದಲದಾಗ ಇರತೈತಿ. ತೊಳದ್ರ ಹೋಗಂಗಿಲ್ಲ.”

ಗಡಹಿಂಗ್ಲಜದ ಆ ಕೋಣೆ, ಅಕ್ಕನ ಮುಖಕ್ಕೆ ಮುಖ ಹಚ್ಚಿ ಕೂತ ಅವ್ವ, ದಾಸವಾಳದ ಗಿಡದ ವಾಸನೆಗೆ ಬರಿಗಾಲಲ್ಲಿ ಓಡಿದ ಅವ್ವ, ಎಲ್ಲ ಒಟ್ಟಿಗೆ ಮೇಲೆ ಬಂದವು. ಶಿವನಾಮವಲ್ಲ ಅದು. ಮೂಸಿ ನೋಡುತ್ತಿದ್ದಳು.

“ನಿನಗ ಗೊತ್ತಿತ್ತು,” ಎಂದೆ. “ಅವತ್ತ ಗೊತ್ತಿತ್ತು. ಗೊತ್ತಿದ್ದೂ ಕುಣಿ ತಯಾರ್ ಐತೇನು ಅಂದಿ.”

“ಅಂದ್ನಿ.”

“ಯಾಕವ್ವಾ?”

ಓಣಿಯ ಆಚೆ ಮಗ್ಗಗಳ ಖಟಖಟ ನಡೆದೇ ಇತ್ತು.

“ಅವರ ಕುಡಿಸಿದ್ರೋ, ತಾನ ಕುಡದಳೋ ನನಗ ಗೊತ್ತಿಲ್ಲ,” ಎಂದಳು. “ಅಕಿ ನನಗೂ ಫೋನ್ ಮಾಡಿದ್ದಳು. ಬರ್ತೇನವ್ವಾ, ಇಲ್ಲಿ ಆಗೂದಿಲ್ಲ ಅಂದಳು. ಬಾ ಅಂತ ನಾ ಅನ್ನಲಿಲ್ಲ. ತಂಗೀದು ನಿಶ್ಚಯ ಆಗೇತಿ, ಗಂಡನ್ನ ಬಿಟ್ಟ ಬಂದಾಳ ಅಂದ್ರ ಆ ಮಂದಿ ಮುರಕೊಂಡ ಹೋಗ್ತಾರ, ಅಕಿ ಲಗ್ನ ಆಗೂತನಾ ತಡಕೋ ಅಂದ್ನಿ. ಹೂಂ ಅಂದಳು. ನಾಕ ದಿನಕ್ಕ ಹಿಂಗಾತು. ಅಲ್ಲಿ ಕುಂತಾಗ ಮೂಗಿಗೆ ಬಡೀತು. ಹೆಣಾ ಕೊಯ್ಸಿದ್ರ ಊರೆಲ್ಲಾ ಗೊತ್ತಾಗತೈತಿ. ಒಬ್ಬಾಕಿ ಅಂತೂ ಹೋದಳು, ಇನ್ನೊಬ್ಬಾಕೀ ಲಗ್ನ ನಿಲ್ಲಬಾರ್ದು ಅನ್ಸಿತು.”

ನನ್ನ ಮದುವೆ. ಇನ್ನೊಂದು ಸಂಸಾರ ಇಟ್ಟುಕೊಂಡಿದ್ದ ಆ ಮನುಷ್ಯನ ಜೊತೆ ಆದ ನನ್ನ ಮದುವೆ. ಅದಕ್ಕಾಗಿ ಅಕ್ಕ ಅಲ್ಲಿಯೇ ಉಳಿದಳು. ಅದಕ್ಕಾಗಿ ಅವಳಿಗೆ ಅವಸರದಲ್ಲಿ ಮಣ್ಣು ಕೊಟ್ಟರು. ಅಳು ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ, ಕೆಳಗೆ ಚೆಲ್ಲಿದ್ದ ಭಡಂಗದ ಕಾಳುಗಳನ್ನು ಆರಿಸುತ್ತ ಕೂತೆ.

“ನಿನಗ ಹೇಳಬಾರ್ದು, ನನ್ನ ಕೂಡನ ಹೋಗಲಿ ಅಂತಿದ್ನಿ,” ಎಂದಳು ಅವ್ವ. “ಆದ್ರ ಇನ್ನ ನನ್ನ ಕೈಲೆ ಆಗೂದಿಲ್ಲ. ಬ್ಯಾಡ ಅನ್ನಂಗಿಲ್ಲವಾ ನಾ. ವಕೀಲರ ಕಡೆ ಕರಕೊಂಡ ನಡಿ. ವಾಸನಿ ಬಂದಿತ್ತು, ಮುಚ್ಚಿಟ್ನಿ ಅಂತ ಯಾರ ಮುಂದ ಬೇಕಾದ್ರೂ ಹೇಳತೇನಿ. ಹೇಳು, ಎಬ್ಬಸೂನೇನು ಅಕಿನ್ನ?”

ಈ ಒಂದು ಮಾತಿಗಾಗಿ ನಾನು ಇಷ್ಟು ವರ್ಷ ಅವಳಿಗೆ ಸಾವಿರ ಹೆಣ ತೋರಿಸಿದ್ದೆ. ಈಗ ಮಾತು ಬಂತು. ಕುಣಿ ತೆಗೆಸಿದರೆ ಅಕ್ಕನ ಎಲುಬಿನಲ್ಲಿ ವಿಷ ಸಿಕ್ಕೀತು, ಸಿಗದೆಯೂ ಇದ್ದೀತು. ಅದು ಯಾರ ಕೈಯಿಂದ ಹೋಯಿತೆಂದು ಎಲುಬು ಹೇಳುವುದಿಲ್ಲ. ದಾಜಿ ಕುಡಿಸಿದ ಎಂದು ನಂಬಿಕೊಂಡಾದರೂ ನಾನು ಬದುಕಿದ್ದೆ. ತಾನೇ ಕುಡಿದಳೆಂದು ತಿಳಿದರೆ ಅವ್ವ ಮತ್ತು ನಾನು ಒಂದೇ ಮನೆಯಲ್ಲಿ ಒಬ್ಬರ ಮುಖ ಒಬ್ಬರು ಹೇಗೆ ನೋಡುವುದು? ಹೂಂ ಅನ್ನಲು ಬಾಯಿ ತೆರೆದವಳು ಎದ್ದು ಹೋಗಿ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟೆ.

ಅವ್ವ ಮರೆತಿಲ್ಲ. ಮೊದಲು ನಾನು ಕೇಳುತ್ತಿದ್ದೆ, ಅವಳು ಅಕ್ಕಿ ಆರಿಸುತ್ತಿದ್ದಳು. ಈಗ ದಿನಾ ಸಂಜೆ ದೀಪ ಹಚ್ಚಿ, ವಿಭೂತಿ ಬಳಿದುಕೊಂಡು ಬಂದು ಕೂತು ಅವಳು ಕೇಳುತ್ತಾಳೆ, “ಎಬ್ಬಸೂನೇನು?” ನಾನು ಟಿವಿ ಹಚ್ಚಿ ಸಪ್ಪಳ ಜೋರು ಮಾಡುತ್ತೇನೆ.